ಇಲ್ಲ ಎಂದು ಒತ್ತಿದ ಗೂಡುಗಳು

ಅವನು ಮೊದಲ ಸಲ ನನ್ನೆದುರು ಬಂದು ನಿಂತದ್ದು ನನ್ನ ತಪ್ಪು ತೋರಿಸುವುದಕ್ಕೆ. ಎರಡನೆಯ ಸಲವೂ ಅದಕ್ಕೇ. ಮೂರನೆಯ ಸಲ ಬಂದಾಗ ಪ್ಯಾಕಿಂಗ್ ಮೇಜಿನ ಹೆಂಗಸರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದುಕೊಂಡರು. ನನಗೆ ಏನೂ ಅನ್ನಿಸಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ.

ಗೋದಾಮಿನ ಕೆಲಸ ಹೀಗೆ. ಕೈಯಲ್ಲಿ ಸ್ಕ್ಯಾನರ್, ಮುಂದೆ ತಳ್ಳುವ ಟ್ರಾಲಿ. ಸ್ಕ್ಯಾನರಿನ ಪರದೆಯಲ್ಲಿ ಒಂದು ಸಾಲಿನ ನಂಬರು, ಒಂದು ಗೂಡಿನ ನಂಬರು, ಒಂದು ವಸ್ತುವಿನ ಹೆಸರು ಬರುತ್ತದೆ. ಹೋಗಿ, ಆ ಗೂಡಿನಿಂದ ಆ ವಸ್ತು ತೆಗೆದು, ಟ್ರಾಲಿಗೆ ಹಾಕಿ, ‘ಇದೆ’ ಎಂದು ಒತ್ತಬೇಕು. ಕಾಣದಿದ್ದರೆ ‘ಇಲ್ಲ’ ಎಂದು ಒತ್ತಬೇಕು. ‘ಇಲ್ಲ’ ಒತ್ತಿದರೆ ಚೆಕ್ಕರ್ ಬರುತ್ತಾನೆ. ನಿಜಕ್ಕೂ ಇಲ್ಲವೇ ಎಂದು ನೋಡಿ, ಕಾರಣ ಬರೆದುಕೊಂಡು ಹೋಗುತ್ತಾನೆ.

ಆ ಚೆಕ್ಕರೇ ಅವನು. ಕಿವಿಯ ಮೇಲೆ ಪೆನ್ಸಿಲ್, ಕಂಕುಳಲ್ಲಿ ಬರೆಯುವ ರಟ್ಟು, ಸದ್ದೇ ಮಾಡದ ಬೂಟು. ಗೋದಾಮಿನಲ್ಲಿ ಎಲ್ಲರೂ ಅವನನ್ನು ‘ಇದ್ಯಲ್ಲ’ ಎಂದು ಕರೆಯುತ್ತಿದ್ದರು. ಬಂದವನೇ ಗೂಡಿಗೆ ಕೈ ಹಾಕಿ ಅವನು ಆಡುತ್ತಿದ್ದ ಮೊದಲ ಮಾತೇ ಅದು.

“ಹತ್ತಿ ಪೊಟ್ಟಣ ಇಲ್ಲ ಅಂತ ಒತ್ತಿದ್ದು ನೀವೇನಾ?”

“ಹೌದು.”

ಅವನು ಕೈ ಹಾಕಿದ. “ಇದ್ಯಲ್ಲ!”

ಹತ್ತಿಯ ಪೊಟ್ಟಣ ನನ್ನ ಮೂಗಿನ ನೇರಕ್ಕೇ ಇತ್ತು. ಅಷ್ಟು ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದೆ. ಕಂಡಿರಲಿಲ್ಲ.

“ಹೊಸಬರು ಅಂತ ಕಾಣುತ್ತೆ. ಪರ್ವಾಗಿಲ್ಲ, ಎಲ್ಲರಿಗೂ ಆಗುತ್ತೆ,” ಎಂದು ಅವನು ನಕ್ಕ. ನಗುವಾಗ ಒಂದು ಹುಬ್ಬು ಮಾತ್ರ ಮೇಲೆ ಹೋಗುತ್ತಿತ್ತು. ನಾನು ಟ್ರಾಲಿ ತಳ್ಳಿಕೊಂಡು ಹೋದೆ.

ಮಾರನೆಯ ದಿನ ಥರ್ಮಾಮೀಟರು. ಅದರ ಮಾರನೆಯ ದಿನ ಸ್ಪಂಜು. ಎರಡು ಸಲವೂ ಅವನು ಬಂದು ಕೈ ಹಾಕಿ ತೆಗೆದುಕೊಟ್ಟ. ಅದಾದ ಮೇಲೆ ಪ್ಯಾಕಿಂಗ್ ಮೇಜಿನ ದೊಡ್ಡಕ್ಕನ ಬಾಯಿ ಸುಮ್ಮನಿರಲಿಲ್ಲ. “ಟೀಚರಮ್ಮ, ನಿಮ್ಮ ಕಣ್ಣಿಗೆ ಬೇರೇನೂ ಕಾಣಲ್ವಂತೆ, ಚೆಕ್ಕರ್ ಮಾತ್ರ ಕಾಣ್ತಾನಂತೆ, ಹೌದಾ?” ಎಂದು ಟೇಪು ಹರಿಯುತ್ತಾ ಕೇಳಿದಳು.

ಟೀಚರಮ್ಮ ಎಂದರೆ ನಾನು. ಇಲ್ಲಿಗೆ ಬರುವ ಮುಂಚೆ ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದೆ. ಅಮ್ಮ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟೆ. ಎರಡು ವರ್ಷ ನೋಡಿಕೊಂಡೆ. ಅಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ನಾನು ಅಳಲಿಲ್ಲ. ಬಂದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು, ಈಗ ಅಳುತ್ತಾಳೆ, ಆಮೇಲೆ ಅಳುತ್ತಾಳೆ ಎಂದು. ಆಮೇಲೆ ಅವರೂ ನೋಡುವುದನ್ನು ಬಿಟ್ಟರು.

ಆರನೆಯ ದಿನ ಬಿಸಿನೀರಿನ ರಬ್ಬರ್ ಚೀಲಕ್ಕೆ ‘ಇಲ್ಲ’ ಒತ್ತಿದೆ. ಇದ್ಯಲ್ಲ ಬಂದ. ಚೀಲ ತೆಗೆದು ಟ್ರಾಲಿಗೆ ಹಾಕಿದ. ಆದರೆ ಹೋಗಲಿಲ್ಲ. ಪೆನ್ಸಿಲಿನಿಂದ ರಟ್ಟಿನ ಮೇಲೆ ಟಕಟಕ ಬಡಿಯುತ್ತಾ ನಿಂತ.

“ತಪ್ಪು ತಿಳ್ಕೋಬೇಡಿ, ಒಂದು ಮಾತು. ನನ್ನ ಓಡಾಡ್ಸೋಕೆ ಅಂತ ಏನಾದ್ರೂ…?”

“ನಿಮ್ಮನ್ನ ಓಡಾಡಿಸಿ ನನಗೇನಾಗ್ಬೇಕು?”

ನನ್ನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇರೆ ಏನೂ ಇರಲಿಲ್ಲ. ಅವನಿಗೆ ಸಿಟ್ಟಿಗಿಂತ ಅದೇ ಹೆಚ್ಚು ನಾಟಿರಬೇಕು. ಕಿವಿ ಕೆಂಪಾಯಿತು.

“ಏನಿಲ್ಲ, ಅವ್ರೆಲ್ಲ ಅಂತಾರಲ್ಲ ಅಂತ ಕೇಳ್ದೆ. ನೀವು ಓಡಾಡ್ಸಿದ್ರೂ ನನಗೇನು ಬೇಜಾರಿಲ್ಲ ಬಿಡಿ.”

ಹೇಳಿಬಿಟ್ಟ ಮೇಲೆ ಏನು ಹೇಳಿದೆ ಎಂದು ಅವನಿಗೇ ಗೊತ್ತಾಯಿತು. ತಲೆ ಕೆರೆದುಕೊಂಡ. ಪೆನ್ಸಿಲು ಕೈಯಿಂದ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡವನು ಮಾತು ಬದಲಾಯಿಸಿದ.

“ನೋಡಿ, ಈ ಗೂಡುಗಳಿಗೆ ಬೆನ್ನಿಲ್ಲ. ಆ ಕಡೆ ಸಾಲಿಗೂ ಇದೇ ಗೂಡು ತೆರ್ಕೊಂಡಿರುತ್ತೆ. ವಸ್ತು ಹಿಂದಕ್ಕೆ ಜಾರುತ್ತೆ. ಅದಕ್ಕೇ ಕಣ್ಣಲ್ಲಿ ನೋಡ್ಬಾರ್ದು, ಕೈಯಲ್ಲಿ ನೋಡ್ಬೇಕು. ಕೊನೇ ತನಕ ಕೈ ಹಾಕಿ.”

ನನ್ನ ಮಣಿಕಟ್ಟು ಹಿಡಿದು ತೋರಿಸಬಹುದಿತ್ತು. ಹಿಡಿಯಲಿಲ್ಲ. ತನ್ನ ತೋಳನ್ನೇ ಭುಜದವರೆಗೂ ಖಾಲಿ ಗೂಡಿನೊಳಗೆ ಹಾಕಿ, ಆ ಕಡೆ ಬೆರಳು ಆಡಿಸಿ ತೋರಿಸಿದ. ನಾನು ತಲೆಯಾಡಿಸಿದೆ. ಅವನು ಹಿಡಿಯಲಿಲ್ಲ ಎಂಬುದು ಮಾತ್ರ ಮನೆಗೆ ಹೋಗುವ ಬಸ್ಸಿನಲ್ಲಿ ನೆನಪಾಯಿತು.

ಮನೆ ಎಂದರೆ ಅಕ್ಕನ ಮನೆ. ಹಾಲಿನ ಸೋಫಾ ನನ್ನ ಹಾಸಿಗೆ. ಭಾವ ಟಿವಿ ಸದ್ದು ಕಡಿಮೆ ಮಾಡಿಕೊಂಡು ನೋಡುತ್ತಿದ್ದರು, ಪಾಪ. ಅಕ್ಕ ಮಾತ್ರ ನನ್ನ ಮುಖ ಕಂಡರೆ ಶುರು ಮಾಡುತ್ತಿದ್ದಳು.

“ಸ್ಕೂಲಿನ ದೊಡ್ಡ ಮೇಡಂ ಮತ್ತೆ ಫೋನ್ ಮಾಡಿದ್ರು ಕಣೇ. ನಿನ್ನ ಜಾಗ ಮತ್ತೆ ಖಾಲಿಯಾಗಿದ್ಯಂತೆ, ಇನ್ನೂ ಯಾರಿಗೂ ಕೊಟ್ಟಿಲ್ವಂತೆ. ಮುಂದಿನ ಶನಿವಾರದೊಳಗೆ ಹೇಳ್ಬೇಕಂತೆ. ಅಷ್ಟು ಮರ್ಯಾದೆಯಿಂದ ಕರೀತಾ ಇದ್ದಾರೆ, ನೀನು ನೋಡಿದ್ರೆ ಗೂಡಿಂದ ಗೂಡಿಗೆ ಟ್ರಾಲಿ ತಳ್ತೀನಿ ಅಂತೀಯಾ.”

“ಗೋಡೌನ್‌ನಲ್ಲೂ ಶನಿವಾರವೇ ಕೊನೇ ದಿನ. ಹನ್ನೆರಡು ದಿನ ನೋಡ್ತಾರೆ, ಆಮೇಲೆ ಪರ್ಮನೆಂಟ್.”

“ಅವ್ರು ನೋಡೋದಿರ್ಲಿ, ನೀನು ಏನ್ ನೋಡಿದೆ ಅಲ್ಲಿ? ಅದನ್ನ ಹೇಳು.”

ನಾನು ಏನು ಹೇಳಲಿ? ಶಾಲೆಯಲ್ಲಿ ಬೆಳಿಗ್ಗೆ ಒಂಬತ್ತರಿಂದ ನಗಬೇಕು. ಗೋದಾಮಿನಲ್ಲಿ ನಗಬೇಕಾಗಿಲ್ಲ. ಹೇಗಿದ್ದೀಯಾ ಎಂದು ಸ್ಕ್ಯಾನರ್ ಕೇಳುವುದಿಲ್ಲ. ಮುಂದಿನ ಗೂಡು ಯಾವುದು ಎಂದು ಮಾತ್ರ ಹೇಳುತ್ತದೆ. ಕಾಲು ನೋಯುತ್ತದೆ, ಹಿಮ್ಮಡಿ ಉರಿಯುತ್ತದೆ, ಮನೆಗೆ ಬಂದರೆ ನಿದ್ದೆ ಬರುತ್ತದೆ. ಇದನ್ನೆಲ್ಲ ಹೇಳಿದ್ದರೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ತಟ್ಟೆ ತೊಳೆಯಲು ಎದ್ದೆ.

ಒಂಬತ್ತನೆಯ ದಿನ ಟೀ ಹೊತ್ತಿನಲ್ಲಿ ಇದ್ಯಲ್ಲ ಎರಡು ಪೇಪರ್ ಲೋಟ ಹಿಡಿದುಕೊಂಡು ಬಂದ. ಮೆಷಿನ್ ಟೀ, ಬಿಸಿ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ ಅದರಲ್ಲಿ. ನಾನು ಖಾಲಿ ಡಬ್ಬದ ಮೇಲೆ ಕೂತು ಬೂಟು ಬಿಚ್ಚಿದ್ದೆ.

“ಕಾಲು ಏನಂತಿದೆ?”

“ಬಯ್ತಾ ಇದೆ.”

“ಬೆಳಿಗ್ಗೆ ಎದ್ದಾಗಲೂ ಬಯ್ಯುತ್ತಾ, ಇಲ್ಲ ರಾತ್ರಿಗೇ ಮುಗಿಸುತ್ತಾ?”

“ಬೆಳಿಗ್ಗೆ ಸುಮ್ಮನಿರುತ್ತೆ.”

“ಹಾಗಾದ್ರೆ ಕಾಲು ಒಪ್ಪಿದೆ. ನಮ್ಮಲ್ಲಿ ಬಿಟ್ಟುಹೋಗೋರಲ್ಲಿ ಅರ್ಧ ಜನ ಕಾಲಿನ ಮಾತು ಕೇಳಿ ಹೋಗ್ತಾರೆ. ಇನ್ನರ್ಧ ಜನ ಬೇಜಾರಾಗಿ ಹೋಗ್ತಾರೆ. ದಿನಾ ಅದೇ ಸಾಲು, ಅದೇ ಗೂಡು. ಮಾತಾಡೋಕೆ ಜನ ಬೇಕು ಅನ್ನೋರಿಗೆ ಇದು ಆಗಿಬರಲ್ಲ. ಆರು ವರ್ಷದಿಂದ ನೋಡ್ತಾ ಇದ್ದೀನಿ.”

“ನಿಮಗೆ ಬೇಜಾರಾಗಲ್ವಾ?”

ಅವನು ಟೀ ಊದುತ್ತಾ ಯೋಚಿಸಿದ. “ಇಲ್ಲ ಅಂದಿದ್ದು ಸಿಗುತ್ತಲ್ಲ, ಆಗ ಒಂಥರಾ ಖುಷಿ ಆಗುತ್ತೆ. ಮೂರು ಕಾಸಿನ ಗುಂಡಿ ಆದ್ರೂ ಸರಿ. ನಗ್ಬೇಡಿ.”

ನಾನು ನಕ್ಕಿರಲಿಲ್ಲ. ಆದರೆ ಹಿಂದಿನ ದಿನ ಸೂಜಿಯ ಪುಟ್ಟ ಡಬ್ಬಿಯೊಂದು ಗೂಡಿನ ತೀರಾ ಹಿಂದೆ ಸಿಕ್ಕಿಕೊಂಡಿತ್ತು. ಮೊಣಕಾಲೂರಿ, ತೋಳು ತೂರಿಸಿ, ಬೆರಳ ತುದಿಯಲ್ಲಿ ಎಳೆದು ತೆಗೆದಿದ್ದೆ. ಆಗ ಎದೆಯೊಳಗೆ ಏನೋ ಒಂದು ಕ್ಷಣ ಅಲ್ಲಾಡಿತ್ತು. ಅದನ್ನು ಅವನಿಗೆ ಹೇಳಿದೆ. ನಾನಾಗಿಯೇ ಯಾರಿಗಾದರೂ ಏನನ್ನಾದರೂ ಹೇಳಿ ಎಷ್ಟೋ ದಿನವಾಗಿತ್ತು.

“ನೀವೇ ಹೇಳಿ,” ಎಂದೆ ಆಮೇಲೆ, “ನಾನು ಈ ಕೆಲಸದಲ್ಲಿ ಇರ್ಲಾ, ಬೇಡ್ವಾ?”

ಅವನು ಲೋಟದೊಳಗೆ ನೋಡಿದ. ಟೀ ಮುಗಿದಿತ್ತು. ಆದರೂ ನೋಡಿದ.

“ಅದನ್ನ ಮಾತ್ರ ನನ್ನ ಕೇಳ್ಬೇಡಿ ಟೀಚರೇ.”

“ಯಾಕೆ?”

“ನೀವು ಇರ್ಬೇಕು ಅಂತ ನನಗೆ ಆಸೆ. ಅಂಥವನ ಸಲಹೆ ತಗೋಬಾರ್ದು. ಅದು ಸಲಹೆ ಆಗಲ್ಲ, ಸ್ವಾರ್ಥ ಆಗುತ್ತೆ.”

ಇಷ್ಟು ಹೇಳಿ, ನನ್ನ ಖಾಲಿ ಲೋಟವನ್ನೂ ತೆಗೆದುಕೊಂಡು, ಕಸದ ಬುಟ್ಟಿ ಎಲ್ಲಿದೆ ಎಂದು ಮರೆತವನಂತೆ ಅತ್ತ ಇತ್ತ ನೋಡಿ ಹೊರಟುಹೋದ. ನಾನು ಬೂಟು ಹಾಕಿಕೊಂಡೆ. ಹುಡುಗಿಯೊಬ್ಬಳಿಗೆ ಇಂಥ ಮಾತು ಕೇಳಿ ಎದೆ ಹೊಡೆದುಕೊಳ್ಳಬೇಕು. ನನ್ನದು ಹೊಡೆದುಕೊಳ್ಳಲಿಲ್ಲ. ಹೊಡೆದುಕೊಳ್ಳಲಿ ಎಂದು ಮಾತ್ರ ಅನ್ನಿಸಿತು. ಅಷ್ಟಾದರೂ ಅನ್ನಿಸಿತು.

ಗುರುವಾರ, ಅಂದರೆ ಹತ್ತನೆಯ ದಿನ, ಅವನು ಮತ್ತೆ ಬಂದ. ಈ ಸಲ ನಾನು ‘ಇಲ್ಲ’ ಒತ್ತಿರಲಿಲ್ಲ. ಕೈಯಲ್ಲಿ ಟೀ ಇರಲಿಲ್ಲ, ಒಂದು ಹಾಳೆ ಇತ್ತು. ನಗುವಾಗ ಮೇಲೆ ಹೋಗುವ ಹುಬ್ಬು ಕೆಳಗೇ ಇತ್ತು.

“ಸೂಪರ್‌ವೈಸರ್ ಮೇಡಂ ನಿಮ್ಮ ರಿಪೋರ್ಟ್ ಕೇಳಿದ್ದಾರೆ. ಹತ್ತಕ್ಕಿಂತ ಜಾಸ್ತಿ ತಪ್ಪು ‘ಇಲ್ಲ’ ಇದ್ರೆ ಪರ್ಮನೆಂಟ್ ಮಾಡಲ್ಲ. ನಿಮ್ದು ಹನ್ನೊಂದಿದೆ. ಒಟ್ಟಾರೆ ಯಾಕೆ ಹೀಗಾಯ್ತು ಅಂತ ನಾನು ಕಾರಣ ಬರೀಬೇಕು. ಬರೆಯೋಕೆ ಅಂತ ಎಲ್ಲ ಒಂದು ಕಡೆ ಹಾಕಿದೆ.” ಹಾಳೆಯನ್ನು ನನ್ನ ಮುಂದೆ ಚಾಚಿದ. “ನೀವೇ ಒಂದ್ಸಲ ನೋಡಿ.”

ನಾನು ಓದಿದೆ. ಹತ್ತಿಯ ಪೊಟ್ಟಣ. ಥರ್ಮಾಮೀಟರ್. ಸ್ಪಂಜು. ಬಿಸಿನೀರಿನ ಚೀಲ. ಹಾಸಿಗೆಗೆ ಹಾಕುವ ರಬ್ಬರ್ ಶೀಟ್, ಎರಡು ಸಲ. ಬೆನ್ನು ಹುಣ್ಣಾಗದಂತೆ ಹಾಕುವ ಪೌಡರ್. ವಾರದ ಮಾತ್ರೆ ಇಡುವ ಏಳು ಖಾನೆಯ ಡಬ್ಬಿ. ಮಲಗಿದವರಿಗೆ ನೀರು ಕುಡಿಸುವ ಮೂತಿ ಲೋಟ. ಮೂತಿ ಲೋಟ. ಮೂತಿ ಲೋಟ.

“ಎಲ್ಲ ಹದಿನಾಲ್ಕನೇ ಸಾಲು,” ಎಂದ ಅವನು ಮೆಲ್ಲಗೆ. “ಬೇರೆ ಸಾಲುಗಳಲ್ಲಿ ನಿಮ್ಮ ತಪ್ಪು ಒಂದೂ ಇಲ್ಲ.”

ಹಾಳೆಯಲ್ಲಿ ಅಮ್ಮನ ಕೋಣೆ ಇತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಏನೇನು ಇತ್ತೋ ಎಲ್ಲ ಇತ್ತು. ದಿನಾ ಆ ಸಾಲಿನಲ್ಲಿ ನಿಂತು ಅವನ್ನೆಲ್ಲ ಇಲ್ಲ, ಇಲ್ಲ, ಇಲ್ಲ ಎಂದು ಒತ್ತಿದ್ದೆ. ನನಗೇ ಗೊತ್ತಾಗಿರಲಿಲ್ಲ. ನನ್ನ ಬೆರಳು ತಣ್ಣಗಾದವು. ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ.

“ಯಾರು?” ಎಂದು ಕೇಳಿದ.

“ಅಮ್ಮ.”

ಅಯ್ಯೋ ಎನ್ನಲಿಲ್ಲ, ಧೈರ್ಯ ತಂದುಕೊಳ್ಳಿ ಎನ್ನಲಿಲ್ಲ. ನನ್ನ ಟ್ರಾಲಿಯ ಪಕ್ಕದಲ್ಲಿ ನೆಲದ ಮೇಲೆ ಕೂತ. ನಾನೂ ಕೂತೆ. ಸ್ಕ್ಯಾನರ್ ಎರಡು ಸಲ ಕೂಗಿ ಸುಮ್ಮನಾಯಿತು.

“ನನಗೆ ಸುಳ್ಳು ಬರೆಯೋಕೆ ಬರಲ್ಲ,” ಎಂದ ಕೊನೆಗೆ. “ಇದನ್ನ ಕಾರಣ ಅಂತ ಬರೆದ್ರೆ ಮೇಡಂ ಒಪ್ತಾರೆ, ಕೆಲಸ ಉಳಿಯುತ್ತೆ. ಆದ್ರೆ ಇದು ನಿಮ್ಮ ಮನೆ ವಿಷಯ. ನೀವು ಬೇಡ ಅಂದ್ರೆ ಬರೆಯಲ್ಲ. ಆಗ ‘ಗಮನವಿಲ್ಲ’ ಅಂತ ಹಾಕ್ಬೇಕಾಗುತ್ತೆ.”

“ಬರೀಬೇಡಿ.”

“ಸರಿ.”

ಅಷ್ಟೇ ಅಂದ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಶರ್ಟಿನ ಜೇಬಿಗೆ ಇಟ್ಟುಕೊಂಡ. “ಶನಿವಾರ ಮಧ್ಯಾಹ್ನ ಕೊಡ್ಬೇಕು. ಅಲ್ಲೀತನಕ ಇದು ನನ್ನ ಹತ್ರಾನೇ ಇರುತ್ತೆ.”

ಶುಕ್ರವಾರ ಸಂಜೆ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಮಕ್ಕಳ ಮುಂದೆ ನಗುವ ನಗು ನಕ್ಕು ನೋಡಿದೆ. ಕೆನ್ನೆ ಎರಡೂ ಸರಿಯಾಗಿಯೇ ಮೇಲೆ ಹೋದವು. ಕಣ್ಣು ಜೊತೆಗೆ ಬರಲಿಲ್ಲ. ದೊಡ್ಡವರಿಗೆ ಇದು ಸಾಕು. ಮೂರು ವರ್ಷದ ಮಗು ಮಾತ್ರ ತಕ್ಷಣ ಹಿಡಿದುಬಿಡುತ್ತದೆ, ಕೆನ್ನೆ ಮುಟ್ಟಿ, ಯಾಕೆ ಮಿಸ್ ಅನ್ನುತ್ತದೆ. ಅದಕ್ಕೆ ನಾನು ಏನೆಂದು ಹೇಳಲಿ?

ಅಡುಗೆಮನೆಗೆ ಹೋಗಿ ಅಕ್ಕನಿಗೆ ಹಾಳೆಯ ವಿಷಯ ಹೇಳಿದೆ. ಹತ್ತಿಯಿಂದ ಹಿಡಿದು ಲೋಟದವರೆಗೆ, ಬಂದದ್ದು ಬಂದ ಹಾಗೆ. ಅಕ್ಕ ಒಲೆ ಆರಿಸಿದಳು.

“ನೀನು ಅಳ್ಲಿಲ್ಲ ಅಂತ ನನಗೆ ಒಳಗೊಳಗೇ ಕೋಪ ಇತ್ತು ಕಣೇ,” ಎಂದಳು. “ನಾನೊಬ್ಬಳೇ ಅತ್ತೆ ಅಂತ. ನಾನು ವಾರಕ್ಕೊಂದ್ಸಲ ಬಂದು ನೋಡ್ಕೊಂಡು ಹೋದವಳು, ಅಷ್ಟು ಅತ್ತೆ. ನೀನು…”

ಅವಳು ಅತ್ತಳು. ನಾನು ಬೆನ್ನು ಸವರಿದೆ. ಹಾಲಿನಲ್ಲಿ ಭಾವ ಟಿವಿ ಪೂರ್ತಿ ಆರಿಸಿಬಿಟ್ಟರು.

“ಹಾಗಾದ್ರೆ ಆ ಗೋಡೌನ್ ಬೇಡ್ವೇ ಬೇಡ, ಬಿಟ್ಬಿಡು. ದಿನಾ ಅದನ್ನೆಲ್ಲ ನೋಡ್ಕೊಂಡು ಹೆಂಗಿರ್ತೀಯಾ?”

“ನೋಡೇ ಇಲ್ವಲ್ಲಕ್ಕ ಇನ್ನೂ,” ಎಂದೆ.

ಹೇಳಿದ ಮೇಲೆ ತಿಳಿಯಿತು, ನಾನು ತೀರ್ಮಾನ ಮಾಡಿಯಾಗಿದೆ. ಏನೂ ಅನ್ನಿಸದೆ ಇರಬಹುದು ಎಂದು ಆ ಕೆಲಸಕ್ಕೆ ಸೇರಿದ್ದೆ. ಬಚ್ಚಿಟ್ಟುಕೊಳ್ಳಲು ಹೋದ ಜಾಗದಲ್ಲೇ ಅಮ್ಮನ ಲೋಟ ಗೂಡಿನಲ್ಲಿ ಕೂತಿತ್ತು. ಆದರೂ ಬೆಳಿಗ್ಗೆ ಕಾಲು ಬಯ್ಯುತ್ತಿರಲಿಲ್ಲ. ಸೂಜಿ ಡಬ್ಬಿ ಸಿಕ್ಕಾಗ ಎದೆ ಅಲ್ಲಾಡಿತ್ತು. ಕೈ ಕೆಲಸ ಕಲಿಯುತ್ತಿತ್ತು, ಉಳಿದದ್ದು ಅದರ ಹಿಂದೆ ಬರಬಹುದು. ದೊಡ್ಡ ಮೇಡಂಗೆ ಅಲ್ಲೇ ನಿಂತು ಫೋನ್ ಮಾಡಿದೆ. ಜಾಗ ಬೇರೆಯವರಿಗೆ ಕೊಡಿ ಮೇಡಂ, ಮಕ್ಕಳಿಗೆ ಸುಳ್ಳು ನಗೋ ಟೀಚರ್ ಬೇಡ ಎಂದೆ. ಅಕ್ಕ ಮೂಗು ಸೀಟಿಕೊಂಡು ಒಲೆ ಹಚ್ಚಿದಳು. ಮುಖ ಊದಿಸಿಕೊಂಡೇ ಬಡಿಸಿದಳು.

ಶನಿವಾರ ಮಧ್ಯಾಹ್ನ ಸೂಪರ್‌ವೈಸರ್ ಮೇಡಂ ಅವರ ಗಾಜಿನ ಕೋಣೆಯಲ್ಲಿ ನಾವು ಮೂವರಿದ್ದೆವು. ಅವನು ಜೇಬಿನಿಂದ ಹಾಳೆ ತೆಗೆದು ಮಡಿಕೆ ಬಿಡಿಸಿದ. ಕಾರಣದ ಜಾಗ ಖಾಲಿ ಇತ್ತು. ಕಿವಿಯ ಮೇಲಿನ ಪೆನ್ಸಿಲು ಕೈಗೆ ಬಂತು. ಹಾಳೆಯ ಮೇಲೆ ಇಳಿಯಲಿಲ್ಲ. ಅವನ ಮುಖ ನನಗಿಂತ ಬಿಳಿಚಿಕೊಂಡಿತ್ತು.

“ಬರೀರಿ,” ಎಂದೆ.

ಅವನು ತಲೆಯೆತ್ತಿದ.

“ಅಮ್ಮ ತೀರ್ಕೊಂಡಿದ್ದಾರೆ. ಎರಡು ವರ್ಷ ಈ ವಸ್ತುಗಳ ಮಧ್ಯೆ ನೋಡ್ಕೊಂಡಿದ್ದೆ. ಗೂಡಲ್ಲಿ ಇದ್ದವು, ನನಗೆ ಕಾಣ್ಲಿಲ್ಲ. ಹಾಗೇ ಬರೀರಿ.”

ಅವನು ಹಾಗೇ ಬರೆದ. ಮೇಡಂ ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಅವರು ಹೆಚ್ಚು ಮಾತಿನವರಲ್ಲ.

“ಆ ಸಾಲು ತಪ್ಪಿಸಿ ಕೊಡ್ಲಾ ನಿಮಗೆ?”

“ಬೇಡ ಮೇಡಂ.”

“ಎಷ್ಟು ದಿನ ಇರ್ತೀರಾ?”

“ಗೊತ್ತಿಲ್ಲ ಮೇಡಂ. ಈಗ ಇರ್ತೀನಿ.”

“ನಿಜ ಹೇಳಿದ್ರಿ,” ಎಂದು ಸಹಿ ಹಾಕಿದರು. “ಬಂದೋರೆಲ್ಲ ಜೀವನಪೂರ್ತಿ ಅಂತಾರೆ, ತಿಂಗಳಿಗೆ ಕಾಲು ಕೀಳ್ತಾರೆ.”

ಕೋಣೆಯಿಂದ ಹೊರಗೆ ಬಂದು ಟ್ರಾಲಿ ಹಿಡಿದಾಗ ಸ್ಕ್ಯಾನರ್ ಕೂಗಿತು. ಹದಿನಾಲ್ಕನೆಯ ಸಾಲು. ಮೂತಿ ಲೋಟ.

ಗೂಡಿನ ಮುಂದೆ ನಿಂತೆ. ಖಾಲಿಯಾಗಿಯೇ ಕಂಡಿತು. ಕಣ್ಣು ಮುಚ್ಚಿ ಕೈ ಹಾಕಿದೆ. ಕೊನೆಯವರೆಗೆ ಹಾಕಿದೆ. ಬೆರಳಿಗೆ ಮೊದಲು ಸಿಕ್ಕಿದ್ದು ಲೋಟದ ಮೂತಿ. ಎಷ್ಟು ಬಾಗಿಸಿದರೆ ನೀರು ಗಲ್ಲದ ಮೇಲೆ ಇಳಿಯುವುದಿಲ್ಲ ಎಂದು ಆ ಬೆರಳಿಗೆ ಇನ್ನೂ ಗೊತ್ತಿತ್ತು. ಹೊರಗೆ ತೆಗೆದೆ. ಇತ್ತು. ‘ಇದೆ’ ಎಂದು ಒತ್ತಿದೆ. ಒತ್ತುವಾಗ ಪರದೆ ಮಸುಕಾಗಿತ್ತು. ಒಂದೇ ಕಣ್ಣಿನಿಂದ ನೀರು ಬಂತು, ಎಡಗಣ್ಣಿನಿಂದ. ಇನ್ನೊಂದು ಇನ್ನೂ ಒಪ್ಪಿರಲಿಲ್ಲ. ಪರವಾಗಿಲ್ಲ ಎಂದುಕೊಂಡೆ.

ಮುಂದಿನದು ಹದಿನಾರನೆಯ ಸಾಲು, ಪೆನ್ಸಿಲ್ ಚೂಪು ಮಾಡುವ ಮೆಂಡರ್. ಕಣ್ಣಲ್ಲಿ ನೋಡಿದೆ, ಕೈಯಲ್ಲಿ ನೋಡಿದೆ. ಗೂಡು ನಿಜವಾಗಿಯೂ ಖಾಲಿ. ‘ಇಲ್ಲ’ ಎಂದು ಒತ್ತಿದೆ. ಹನ್ನೆರಡು ದಿನದಲ್ಲಿ ನಾನು ಒತ್ತಿದ ಮೊದಲ ಸರಿಯಾದ ‘ಇಲ್ಲ’ ಅದು.

ಆಮೇಲೆ ಟ್ರಾಲಿಯನ್ನೂ ಸ್ಕ್ಯಾನರನ್ನೂ ಅಲ್ಲೇ ಬಿಟ್ಟು, ಸಾಲು ಸುತ್ತಿ, ಅದೇ ಗೂಡಿನ ಆ ಕಡೆ ಹೋಗಿ ನಿಂತೆ. ಕಾಲು ತಾನಾಗಿಯೇ ಅತ್ತ ಹೋಯಿತು.

ಸದ್ದಿಲ್ಲದ ಬೂಟು ಬಂತು. ಈ ಕಡೆಯಿಂದ ಅವನ ಶರ್ಟಿನ ಜೇಬು ಮಾತ್ರ ಕಾಣುತ್ತಿತ್ತು.

“ಟೀಚರೇ? ಇಲ್ಲ ಅಂತ ಒತ್ತಿದ್ದು ನೀವೇನಾ?”

ಅವನು ನಿಟ್ಟುಸಿರು ಬಿಟ್ಟು ಕೈ ಹಾಕಿದ. ಕೈ ಅತ್ತ ಇತ್ತ ತಡಕಾಡಿತು, ಮೊಣಕೈ ದಾಟಿ ಒಳಗೆ ಬಂತು, ಭುಜದವರೆಗೂ ಬಂತು. ಬೆರಳುಗಳಿಗೆ ಪೆನ್ಸಿಲಿನ ಕಪ್ಪು ಅಂಟಿತ್ತು. ನಾನು ನನ್ನ ಕೈಯನ್ನು ಅದರೊಳಗೆ ಇಟ್ಟೆ.

ಆ ಕಡೆ ಉಸಿರು ನಿಂತಿತು. ಕೈ ಮಾತ್ರ ಹೋಗಲಿಲ್ಲ. ಬೆರಳು ಒಂದೊಂದಾಗಿ ಮುಚ್ಚಿಕೊಂಡವು, ಬಹಳ ಮೆಲ್ಲಗೆ. ಬೆಚ್ಚಗಿತ್ತು. ಬೆಚ್ಚಗಿದೆ ಎಂದು ನನಗೆ ಗೊತ್ತಾಯಿತು. ನಾಲ್ಕು ತಿಂಗಳಲ್ಲಿ ಬೆಚ್ಚಗಿದೆ ಎಂದು ನನಗೆ ಗೊತ್ತಾದ ಮೊದಲ ವಸ್ತು ಅದು.

“ನನ್ನೆದೆ ಇನ್ನೂ ಸರಿಯಾಗಿ ಹೊಡ್ಕೊಳ್ತಾ ಇಲ್ಲ,” ಎಂದೆ ಗೂಡಿನೊಳಗೆ. “ತಡ ಆಗ್ಬೋದು. ಆದ್ರೂ ನಿಮ್ಮ ಸ್ವಾರ್ಥದ ಸಲಹೆ ಕೇಳಿದೀನಿ, ಇರ್ತೀನಿ.”

“ತಡ ಆಗ್ಲಿ,” ಎಂದಿತು ಆ ಕಡೆಯ ದನಿ. “ಹುಡ್ಕೋದೇ ಅಲ್ವಾ ನನ್ನ ಕೆಲಸ.” ಆಮೇಲೆ, “ಈ ಗೂಡಿಗೆ ಕಾರಣ ಏನಂತ ಬರೀಲಿ ಟೀಚರೇ? ಸುಳ್ಳು ಬರೆಯೋಕೆ ನನಗೆ ಬರಲ್ಲ, ಗೊತ್ತಲ್ಲ.”

“ಮೆಂಡರ್ ಇಲ್ಲ ಅಂತ ಬರೀರಿ.”

“ಮತ್ತೆ ಇದು?” ಅವನ ಹೆಬ್ಬೆರಳು ನನ್ನ ಬೆರಳ ಗೆಣ್ಣಿನ ಮೇಲೆ ಒಮ್ಮೆ ಆಡಿತು.

“ಇದು ಇದೆ,” ಎಂದೆ.

ಅತ್ತ ಕಡೆ ಬಿಟ್ಟುಬಂದಿದ್ದ ನನ್ನ ಸ್ಕ್ಯಾನರ್ ಮುಂದಿನ ಗೂಡಿನ ನಂಬರು ಹಿಡಿದು ಕೂಗತೊಡಗಿತು. ನಾವಿಬ್ಬರೂ ಅದು ಮೂರು ಸಲ ಕೂಗುವವರೆಗೂ ಕೈ ಬಿಡಲಿಲ್ಲ.